ವೈನಿಯ ಬಾಯಿಗೆ ಬಾರದ ‘ಗೋ’

ಕೇಶ್ವಾಪುರದ ಆ ತಿರುವಿನಲ್ಲಿ ಮಿರ್ಚಿ ಕರಿಯುವ ವಾಸನೆ ಬಂದರೆ ನನಗೆ ಹಸಿವಿಗಿಂತ ಮೊದಲು ಇಂಗ್ಲಿಷ್ ನೆನಪಾಗುತ್ತದೆ. ನಗಬೇಡಿ. ತೊಂಬತ್ತರ ದಶಕದಲ್ಲಿ ಅದೇ ಮಿರ್ಚಿ ಅಂಗಡಿಯ ಮಾಳಿಗೆಯ ಮೇಲಿನ ಕ್ಲಾಸಿನಲ್ಲಿ ನಾನೂ ನನ್ನ ವೈನಿಯೂ, ಅಂದರೆ ಅಣ್ಣನ ಹೆಂಡತಿ, ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದೆವು. ಕೆಳಗಿನಿಂದ ಖಾರದ ಹೊಗೆ ಏರಿ ಬರುತ್ತಿತ್ತು. ಕೆಮ್ಮುವುದೊಂದನ್ನೇ ನಾವು ಅಲ್ಲಿ ತಪ್ಪಿಲ್ಲದೆ ಮಾಡುತ್ತಿದ್ದೆವು.

ನನಗೆ ಕಲಿಯುವ ಹುಚ್ಚು, ವೈನಿಗೆ ನೌಕರಿಯ ಗರಜು. ಹತ್ತಿರದ ಇಂಗ್ಲಿಷ್ ಶಾಲೆಯೊಂದಕ್ಕೆ ಪುಟ್ಟ ಮಕ್ಕಳ ಟೀಚರ್ ಬೇಕಾಗಿದ್ದರು. ಶಿರಗುಪ್ಪಿ ಹಳ್ಳಿಯಿಂದ ಸೊಸೆಯಾಗಿ ಬಂದ ವೈನಿಗೆ ಆ ನೌಕರಿಯ ಮೇಲೆಯೇ ಜೀವ. ‘ಸೇ’ಯೋ ‘ಟೆಲ್’ಲೋ, ‘ಬ್ರಿಂಗ್’ಗೋ ‘ಟೇಕ್’ಕೋ ಎಂದು ರೊಟ್ಟಿ ಬಡಿಯುವಾಗಲೂ ಗುಣುಗುಣಿಸುತ್ತಿದ್ದರು. ಎಲ್ಲ ಬಗ್ಗಿದವು, ‘ಕಮ್’ ಮತ್ತು ‘ಗೋ’ ಮಾತ್ರ ಬಗ್ಗಲಿಲ್ಲ. ಹೊರಡುವವರು ‘ಗೋ’ ಅನ್ನಬೇಕೆಂದು ಸರ್ ಹೇಳಿದಾಗ ಇಡೀ ಕ್ಲಾಸಿಗೆ ಕಸಿವಿಸಿ. ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ‘ಹೋಗ್ತೇನಿ’ ಅನ್ನುವವರುಂಟೇ? ಯಾರಾದರೂ ಬಾಯಿತಪ್ಪಿ ಅಂದರೆ ನಮ್ಮವ್ವ ಅವರನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ‘ಬರ್ತೇನಿ’ ಅನ್ನಿಸಿಯೇ ಬಿಡುತ್ತಿದ್ದಳು.

“ಸರ್, ಇಂಗ್ಲಿಷಿನ್ಯಾಗ ಹೋದವ್ರು ಹೊಳ್ಳಿ ಬರೂದಿಲ್ಲೇನ್ರಿ?” ಎಂದು ವೈನಿ ಕೇಳಿದರು. ಸರ್ ಬಹಳ ಹೊತ್ತು ಬೋರ್ಡು ಒರೆಸಿದರು.

ಸಂದರ್ಶನದ ದಿನ ಜೊತೆಗೆ ಹೋದ ನಾನು ತೆರೆದ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ವೈನಿ ಎಲ್ಲದಕ್ಕೂ ಸರಿಯಾಗಿ ಉತ್ತರಿಸಿದರು. ತಿಳಿಸುತ್ತೇವೆ, ನೀವಿನ್ನು ಹೊರಡಬಹುದು ಎಂದರು ಹೆಡ್‌ಮೇಡಂ. ವೈನಿ ಬಾಗಿಲಿಗೆ ಬಂದು, ತಿರುಗಿ ಕೈಮುಗಿದು, “ಮೇಡಂ, ಐ ಆ್ಯಮ್ ಕಮಿಂಗ್” ಎಂದರು. ಏನೋ ಮರೆತಿರಬೇಕೆಂದು ಮೇಡಂ ಒಳಗೆ ಕರೆದರು. ಕರೆದವರಿಗೆ ಅವಮಾನವಾಗಬಾರದಲ್ಲ, ವೈನಿ ಹೋಗಿ ಕೂತು, ಮತ್ತೆ ಎದ್ದು ಬಂದು ಅದನ್ನೇ ಅಂದರು. ನಾನು ಓಡನಿಯ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ.

ಈಗ ಮೇಡಂ ಕನ್ನಡಕ್ಕೆ ಇಳಿದರು. “ಗೋ ಅನ್ಬೇಕಂತ ಗೊತ್ತಿಲ್ಲೇನ್ರಿ ನಿಮಗ?”

“ಗೊತ್ತೈತ್ರಿ ಮೇಡಂ. ಆದ್ರ ಈ ನೌಕರಿ ನನಗ ಬೇಕಾಗೈತ್ರಿ. ಈ ಬಾಗಲ್ದಾಗ ನಿಂತು ಹೋಗ್ತೇನಿ ಅಂತ ಹೆಂಗ ಅನ್ಲಿ?”

ಮೇಡಂ ಚಾಳೀಸು ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಸೋಮವಾರದಿಂದಲೇ ಬರಲು ಹೇಳಿದರು. ಅಂದಿನಿಂದ ಆ ಶಾಲೆಯ ಮಕ್ಕಳು ಗಂಟೆ ಬಾರಿಸಿದೊಡನೆ ‘ಮಿಸ್, ಐ ಆ್ಯಮ್ ಕಮಿಂಗ್’ ಎಂದು ಕೂಗುತ್ತಲೇ ಮನೆಗೆ ಓಡಿದ್ದಾರೆ. ಆ ಇಂಗ್ಲಿಷ್ ಎಲ್ಲೆಲ್ಲಿ ತಲುಪಿದೆಯೋ, ದೇವರೇ ಬಲ್ಲ.

ಇವತ್ತು ವೈನಿಯ ಕೊನೆಯ ದಿನ, ನಿವೃತ್ತಿ. ಬಿಸಿ ಮಿರ್ಚಿ ಕಟ್ಟಿಸಿಕೊಂಡು ಕರೆತರಲು ಹೋದೆ. ಕ್ಲಾಸಿನ ಬಾಗಿಲಿಗೆ ಬಂದು ಅವರು ಮಕ್ಕಳ ಕಡೆ ತಿರುಗಿ ಕೈಮುಗಿದರು. ಇವತ್ತಾದರೂ ಸರಿಯಾದ ಇಂಗ್ಲಿಷ್ ಆಡಿಬಿಡುತ್ತಾರೋ ಏನೋ ಎಂದು ನನಗೆ ಭಯವೇ ಆಯಿತು.

“ಐ ಆ್ಯಮ್ ಕಮಿಂಗ್” ಎಂದರು ವೈನಿ.

“ಕಮ್, ಮಿಸ್” ಎಂದವು ಮಕ್ಕಳು, ಒಂದೇ ದನಿಯಲ್ಲಿ.

ಇಷ್ಟು ವರ್ಷ ವೈನಿಯ ಇಂಗ್ಲಿಷನ್ನು ತಿದ್ದುತ್ತ ಬಂದ ನಾನು, ಆ ಶಾಲೆಗೆ ಏನೂ ಅಲ್ಲದ ನಾನು, ಮಿರ್ಚಿಯ ಪೊಟ್ಟಣ ಹಿಡಿದುಕೊಂಡೇ ಮಕ್ಕಳ ಕಡೆ ತಿರುಗಿ ‘ಐ ಆ್ಯಮ್ ಕಮಿಂಗ್’ ಅಂದೆ.