ಅವ್ವನಿಗೆ ಕಾಣುವ ಮಾತು

ಹದಿನಾರನೆಯ ವಯಸ್ಸಿನಲ್ಲಿ ನಾನೊಂದು ಭಾಷೆ ಮಾಡಿದೆ. ಅದರಲ್ಲಿ ಕ ಇರಲಿಲ್ಲ. ಗ, ಹ ಕೂಡ ಇರಲಿಲ್ಲ. ಕನ್ನಡದ ಹೆಸರಿನ ಮೊದಲ ಅಕ್ಷರವನ್ನೇ ಹೊರಗೆ ಹಾಕಿದ್ದಕ್ಕೆ ಸಿಟ್ಟಾದವರಿದ್ದರು. ಈಗ ಯಾರಿಗಾದರೂ ಸಿಟ್ಟು ಬಂದರೆ ಬರಲಿ. ನಾನು ಆಗಲೂ ಕ್ಷಮೆ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಯಾಕೆ ಹೊರಗೆ ಹಾಕಿದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮುಂದಿನ ಅರ್ಧ ಮನೆಯಲ್ಲಿ ನಾಲ್ಕು ಪಾವರ್‌ಲೂಮ್, ಹಿಂದಿನ ಅರ್ಧದಲ್ಲಿ ನಾವು. ಮಗ್ಗ ದೊಡ್ಡಪ್ಪನವು, ಮನೆಯ ಮಾತೂ ದೊಡ್ಡಪ್ಪನದೇ. ಅಪ್ಪನಿಗೆ ಅಣ್ಣನೆಂದರೆ ದೇವರು. ಅಣ್ಣ ಸೀನಿದರೂ ಹೌದು ಅನ್ನುವ ಜೀವ ಅದು. ಅವ್ವ ಎರಡು ಮಗ್ಗ ನೋಡಿಕೊಂಡು, ಬಿಡುವಾದಾಗ ಲಾಳಿಯೊಳಗೆ ಇಡುವ ನೂಲಿನ ಕಂಡಿಕಿ ಸುತ್ತುತ್ತಿದ್ದಳು. ಮದುವೆಯಾಗಿ ಸಾವಳಗಿಯಿಂದ ಬಂದ ಮರುವಾರದಿಂದಲೇ ಆ ಸದ್ದಿನಲ್ಲಿ ನಿಂತವಳು.

ನಾಲ್ಕು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಬಾಯಿ ಆಡಿಸಿ, ಕೈ ಮಾಡಿ ಮಾತಾಡುತ್ತಾರೆ. ಎರಡು ಬೆರಳು ಕತ್ತರಿಸಿದಂತೆ ಮಾಡಿದರೆ ನೂಲು ಕಡಿದಿದೆ. ಹೆಬ್ಬೆರಳು ಬಾಯಿಗೆ ಹೋದರೆ ಚಹಾ ಬಂದಿದೆ. ಎಲ್ಲರೂ ಕಿವುಡರಂತೆ ಇರುವ ಜಾಗದಲ್ಲಿ ಒಬ್ಬಳು ಖರೇ ಕಿವುಡಿಯಾದರೆ ಯಾರಿಗೆ ಗೊತ್ತಾಗಬೇಕು? ಯಾರಿಗೂ ಗೊತ್ತಾಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳು ಒಮ್ಮೆಗೇ ನಿಂತವು. ನಾನು ಸಾಲಿಯಿಂದ ಬಂದವಳು ಅವ್ವನ ಬೆನ್ನ ಹಿಂದೆ ನಿಂತು ಕರೆದೆ.

“ಅವ್ವಾ, ಹಸಿವಾಗೇತಿ, ಬಾ ಬೇ.”

ಮೂರು ಸಲ ಕರೆದೆ. ಅವ್ವ ಕಡಿದ ಎಳೆ ಹುಡುಕುತ್ತಲೇ ಇದ್ದಳು. ಭುಜ ಮುಟ್ಟಿದಾಗ ಬೆಚ್ಚಿ ತಿರುಗಿದಳು. ಆಮೇಲೆ ನನ್ನ ಮುಖ ನೋಡಿ, ಕಳ್ಳತನ ಸಿಕ್ಕಿಬಿದ್ದಂತೆ ನಕ್ಕಳು. ಎರಡು ವರ್ಷದಿಂದ ಮುಚ್ಚಿಟ್ಟಿದ್ದಳಂತೆ, ಮಹಾತಾಯಿ! ಕರೆಂಟ್ ಇರುವತನಕ ಅವ್ವ ಎಲ್ಲರ ಹಾಗಿದ್ದಳು, ಕರೆಂಟ್ ಹೋದಾಗ ಮಾತ್ರ ಕಿವುಡಿಯಾಗುತ್ತಿದ್ದಳು.

ಜಮಖಂಡಿಯ ಡಾಕ್ಟರು ಕಿವಿಯ ನರ ಹೋಗಿದೆ ಅಂದರು. ಅಲ್ಲಿಂದ ತಂದ ಕಿವಿ ಮಷೀನು ಮಗ್ಗದ ಸದ್ದನ್ನೇ ಇನ್ನಷ್ಟು ದೊಡ್ಡದು ಮಾಡಿತು. ಅವ್ವ ಅದನ್ನು ಅರಿಷಿಣದ ಡಬ್ಬಿಯ ಹಿಂದೆ ಇಟ್ಟು ಮರೆತಳು. ಮನೆಯವರೂ ಅವ್ವನನ್ನು ಹಾಗೆಯೇ ಮರೆಯತೊಡಗಿದರು. ಅವಳ ಎದುರಿಗೇ ಅವಳ ಬಗ್ಗೆ ಮಾತಾಡುವುದು ಶುರುವಾಯಿತು. “ಆಕಿಗೇನ್ ಹೇಳ್ತಿ, ಕೋಣನ ಮುಂದ ಕಿನ್ನರಿ ಬಾರಿಸಿದಂಗ” ಎಂದು ದೊಡ್ಡಪ್ಪ ಒಮ್ಮೆ ಊಟಕ್ಕೆ ಕೂತಾಗ ಅಂದ. ಅವ್ವ ಅವನ ತಾಟಿಗೆ ರೊಟ್ಟಿ ಹಾಕುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ವಾರವೇ ನಾನು ಇನ್ನೂರು ಪೇಜಿನ ನೋಟ್‌ಬುಕ್ ತಂದೆ.

ಶೆಡ್ಡಿನ ಕೈಸನ್ನೆಯಲ್ಲಿ ನೂಲು, ಎಣ್ಣೆ, ಚಹಾ ಹೇಳಬಹುದಿತ್ತು. ನನಗೆ ಕಾಲೇಜಿಗೆ ಹೋಗಬೇಕೆನಿಸಿದೆ, ಇವತ್ತು ಗೆಳತಿಯ ಜೊತೆ ಜಗಳವಾಯಿತು, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಹೇಳಲಾಗುತ್ತಿರಲಿಲ್ಲ. ಮನೆಯ ಕನ್ನಡವನ್ನು ತುಟಿಯ ಮೇಲೆ ಓದುವುದೂ ಅವ್ವನಿಗೆ ಕಷ್ಟ. ಅರ್ಧ ಅಕ್ಷರಗಳು ಗಂಟಲಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ಕನ್ನಡಿ ಮುಂದೆ ನಿಂತು ಕ ಅಂದೆ, ಗ ಅಂದೆ, ಹ ಅಂದೆ. ಬಾಯಿ ತೆರೆದದ್ದು ಬಿಟ್ಟರೆ ಏನೂ ಕಾಣಲಿಲ್ಲ. ಕಾಣದ ಅಕ್ಷರ ಅವ್ವನಿಗೆ ಯಾಕೆ ಬೇಕು? ತೆಗೆದುಹಾಕಿದೆ.

ಪ, ಬ, ಮ ನನಗೆ ಭಾರಿ ಇಷ್ಟವಾದವು. ತುಟಿ ಎಷ್ಟು ಚಂದ ಕೂಡಿ ಬಿಡುತ್ತದೆ! ಆ ಮೂರರಿಂದ ಶುರುವಾಗುವ ಶಬ್ದಗಳನ್ನೇ ಪುಟಗಟ್ಟಲೆ ಮಾಡಿ ಅವ್ವನಿಗೆ ಬಾಯಿಪಾಠ ಮಾಡಿಸಿದೆ. ಪೀಶಾ ಅಂದರೆ ಚಹಾ, ಬೀಶಾ ಅಂದರೆ ಕಸಬರಿಗೆ, ಮೀಶಾ ಅಂದರೆ ಮಗ್ಗದ ಎಣ್ಣೆ. ಮರುದಿನ ಶೆಡ್ಡಿನ ಆ ತುದಿಯಿಂದ ಅವ್ವನಿಗೆ ಚಹಾ ಬೇಕು ಅಂದೆ. ಅವ್ವ ಕಸಬರಿಗೆ ಹಿಡಿದು ಬಂದಳು.

“ಕಸಾ ಎಲ್ಲಿ ಬಿದ್ದೇತಿ?”

ನಾನು ಮತ್ತೆ ಅಂದೆ. ಈ ಸಲ ಎಣ್ಣೆಯ ಡಬ್ಬಿ ಬಂತು. ಸಿಟ್ಟಿನಿಂದ ಕಾಲು ನೆಲಕ್ಕೆ ಬಡಿದೆ. ಅವ್ವ ಬಿದ್ದು ಬಿದ್ದು ನಕ್ಕಳು.

“ಮೂರೂ ಒಂದ ತುಟಿ ಐತ್ಲೇ ಹುಚ್ಚಿ. ನಿನಗ ಕಿವಿ ಐತಿ, ಅದಕ್ಕ ಬ್ಯಾರೆ ಬ್ಯಾರೆ ಅನಸ್ತೈತಿ.”

ಅಯ್ಯ, ನನ್ನ ಜಾಣತನಕ್ಕಿಷ್ಟು! ಕಿವುಡಿಗಾಗಿ ಭಾಷೆ ಮಾಡಲು ಹೊರಟವಳು ಕಿವಿಯನ್ನೇ ನಂಬಿ ಕೂತಿದ್ದೆ. ಅವತ್ತು ಎಲ್ಲ ಪುಟಗಳಿಗೂ ಅಡ್ಡಗೆರೆ ಎಳೆದು, ಅವ್ವನನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಶುರು ಮಾಡಿದೆ. ಒಂದೊಂದು ಅಕ್ಷರಕ್ಕೂ ಅವ್ವನ ಒಪ್ಪಿಗೆ ಬೇಕಿತ್ತು.

ಕೊನೆಗೆ ಉಳಿದದ್ದು ಐದು ವ್ಯಂಜನ. ತುಟಿ ಕೂಡುವ ಪ, ಹಲ್ಲು ತುಟಿಗೆ ತಾಗುವ ವ, ನಾಲಿಗೆ ಮೇಲೇಳುವ ಲ, ನಾಲಿಗೆಯ ತುದಿ ಹಲ್ಲಿನ ನಡುವೆ ಇಣುಕುವ ತ, ತುಟಿ ಮುಂದೆ ಚಾಚುವ ಶ. ಸ್ವರ ಮೂರೇ. ಆ ಅಂದರೆ ಬಾಯಿ ತೆರೆಯುತ್ತದೆ, ಈ ಅಂದರೆ ಅಗಲವಾಗುತ್ತದೆ, ಊ ಅಂದರೆ ದುಂಡಾಗುತ್ತದೆ. ಐದು ಮೂರಲೆ ಹದಿನೈದು. ಅವನ್ನು ಎರಡೆರಡು ಜೋಡಿಸಿದರೆ ಇನ್ನೂರಾ ಇಪ್ಪತ್ತೈದು ಶಬ್ದ. ಅವ್ವನೂ ನಾನೂ ಆಡಬೇಕಾದ ಮಾತಿಗೆ ಅಷ್ಟು ಸಾಕಿತ್ತು. ಚಹಾ ಈಗ ಶೂಪೀ ಆಯಿತು, ನೂಲು ಕಡಿಯುವುದು ಲೂಶಾ ಆಯಿತು.

ವ್ಯಾಕರಣವನ್ನು ಮಗ್ಗವೇ ಹೇಳಿಕೊಟ್ಟಿತು. ನೇಯುವವರ ಕಣ್ಣು ನಿಮ್ಮ ಕಡೆ ಒಂದು ಗಳಿಗೆ ಬಂದು ಮತ್ತೆ ಲಾಳಿಗೆ ಓಡುತ್ತದೆ. ಕನ್ನಡದಲ್ಲಿ ಮುಖ್ಯವಾದ ಕ್ರಿಯಾಪದ ಕೊನೆಗೆ ಬರುತ್ತದೆ, ಅದು ಬರುವಷ್ಟರಲ್ಲಿ ಅವ್ವನ ಕಣ್ಣು ಹೋಗಿಯೇ ಬಿಟ್ಟಿರುತ್ತಿತ್ತು. ಹಾಗಾಗಿ ನಮ್ಮ ಭಾಷೆಯಲ್ಲಿ ಕ್ರಿಯಾಪದ ಮೊದಲು. ಬಂದ, ಮಾಲಕ. ಕಡಿದಿದೆ, ಮೂರನೇ ಮಗ್ಗದ ನೂಲು. ಆಗಿಹೋದದ್ದಕ್ಕೆ ಗದ್ದ ಹಿಂದಕ್ಕೆ, ಆಗಬೇಕಾದದ್ದಕ್ಕೆ ಗದ್ದ ಮುಂದಕ್ಕೆ. ಪ್ರಶ್ನೆಗೆ ಹುಬ್ಬು ಮೇಲೆ. ಇಲ್ಲ, ಬೇಡ ಅನ್ನುವುದಕ್ಕೆ ನಾನು ನಾಲ್ಕು ಶಬ್ದ ಮಾಡಿದೆ, ಅವ್ವ ನಾಲ್ಕನ್ನೂ ಒಪ್ಪಲಿಲ್ಲ. ಅವಳೇ ಎರಡೂ ತುಟಿ ಒಳಗೆ ಮಡಚಿ, ಗಟ್ಟಿಯಾಗಿ ಒತ್ತಿ ತೋರಿಸಿದಳು. ಶೆಡ್ಡಿನ ಆ ತುದಿಗೂ ಕಾಣುವಂತಿತ್ತು ಅದು.

ಹತ್ತನೆಯ ತರಗತಿಯಲ್ಲಿ ಕನ್ನಡ ಕಲಿಸುವ ಮಾಸ್ತರರ ಕೈಗೆ ಆ ನೋಟ್‌ಬುಕ್ ಸಿಕ್ಕಿತು. ಪುಟ ತಿರುವುತ್ತಾ ಹೋದಂತೆ ಅವರ ಮುಖ ಕೆಂಪಾಯಿತು.

“ಕ ಯಾಕ ಹೊಡದ ಹಾಕೀಯವ್ವಾ? ಕನ್ನಡದಾಗ ಇಲ್ಲದ್ದು ಏನೈತಿ ಇದರಾಗ?”

“ಕನ್ನಡದಾಗ ಎಲ್ಲಾ ಐತ್ರಿ ಸರ್. ನಮ್ಮವ್ವಗ ಕಾಣಸಂಗಿಲ್ಲ ಅಷ್ಟ.”

ಇಡೀ ವರ್ಗ ನಕ್ಕಿತು. ಮಾಸ್ತರರು ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹಾಕಲಿ. ಭಾಷೆ ಅಷ್ಟೊತ್ತಿಗೆ ಎರಡು ಬಾಯಿಗಳಲ್ಲಿ ಕೂತಾಗಿತ್ತು, ಕೀಲಿ ಯಾವುದಕ್ಕೆ ಹಾಕುತ್ತಾರೆ?

ಆದರೂ ಒಂದು ಕಡೆ ನನ್ನ ಭಾಷೆ ಸೋತಿತ್ತು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ತಲೆಯ ಮೇಲಿನ ಸೆರಗು ಇಳಿಸುವಂತಿಲ್ಲ, ಮುಖ ಎತ್ತಿ ಅವನನ್ನು ನೋಡುವಂತಿಲ್ಲ. ದೊಡ್ಡಪ್ಪ ಬಂದರೆ ಅವ್ವನ ಕಣ್ಣು ನೆಲಕ್ಕೆ. ಕಿವಿಯಿದ್ದಾಗ ಅದು ಬರೀ ರಿವಾಜು. ಕಿವಿ ಹೋದ ಮೇಲೆ ಮನೆಯ ಯಜಮಾನ ಆಡುವ ಯಾವ ಮಾತೂ ಅವಳಿಗೆ ಸಿಗದ ಹಾಗಾಯಿತು. “ಮುಖಾ ನೋಡು ಬೇ” ಎಂದು ನಾನು ಎಷ್ಟೋ ಸಲ ಅಂದೆ. ಅವ್ವ ತುಟಿ ಒಳಗೆ ಮಡಚುತ್ತಿದ್ದಳು.

ನಾನು ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನ್ನನ್ನು ನೋಡಲು ಬೀಳಗಿ ಕಡೆಯಿಂದ ಒಂದು ಮನೆಯವರು ಬರುವುದೆಂದಾಯಿತು. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡವರು. ದೊಡ್ಡಪ್ಪ ಬೆಳಿಗ್ಗೆಯೇ ಅಪ್ಪನಿಗೆ ಹೇಳಿದ.

“ಆಕಿಗೆ ಅಡಗಿ ಮನಿ ಬಿಟ್ಟ ಹೊರಗ ಬರಬ್ಯಾಡ ಅಂತ ಹೇಳು. ಸಾವಳಗಿಗೆ ತವರಮನಿಗೆ ಹೋಗ್ಯಾಳ ಅಂತ ನಾ ಹೇಳ್ತೇನಿ. ಕಿವುಡಿ ಅಂತ ಗೊತ್ತಾದ್ರ ಸಂಬಂಧ ಮುರೀತೈತಿ.”

ಅಪ್ಪ ಹೂಂ ಅಂದ. ಹೆತ್ತ ಮಗಳ ಮದುವೆಯ ಮಾತಿಗೆ ಹೆತ್ತವಳೇ ಮನೆಯಲ್ಲಿಲ್ಲವಂತೆ! ನನಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು. ಮದುವೆ, ಗಂಡು ಎಲ್ಲ ಆಮೇಲೆ. ನನ್ನ ಬಗ್ಗೆ ಅವ್ವನಿಗೆ ಗೊತ್ತಿಲ್ಲದಂತೆ ಒಂದು ಮಾತೂ ನಡೆಯಬಾರದು ಎಂದು ಗಟ್ಟಿ ಮಾಡಿಕೊಂಡೆ.

ಅವರು ಬಂದರು. ಮಗ್ಗ ನಿಲ್ಲಿಸಿದ್ದರು. ಹುಡುಗ, ಅವನ ತಂದೆ, ತಾಯಿ. ನಾನು ಚಹಾ ಕೊಟ್ಟು, ದೊಡ್ಡಪ್ಪ ತೋರಿಸಿದ ಜಾಗ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿ ಕೂತೆ. ಬಾಗಿಲಿನ ಪರದೆ ನಾಲ್ಕು ಬೆರಳು ಸರಿದಿತ್ತು. ಅದರ ಹಿಂದೆ ಅವ್ವನ ಕಣ್ಣು.

ಹುಡುಗನ ತಂದೆ ಅಂದರು, “ಇನ್ನ ಕಾಲೇಜ ಸಾಕ್ರಿ. ಮದವಿ ಆದಮ್ಯಾಲ ಎಲ್ಲಿ ಓದೂದು?”

“ಹೌದ್ರಿ, ನಾವೂ ಈ ವರ್ಷನ ಬಿಡಸಬೇಕಂತ ಮಾಡೀವಿ” ಅಂದ ದೊಡ್ಡಪ್ಪ. ಆ ಮಾತು ನನಗೂ ಆವತ್ತೇ ಗೊತ್ತಾದದ್ದು!

ನಾನು ಸದ್ದಿಲ್ಲದೆ ತುಟಿ ಆಡಿಸಿದೆ. ಬಿಡಿಸುತ್ತಾರೆ, ಕಾಲೇಜು. ಒಪ್ಪಿದ, ದೊಡ್ಡಪ್ಪ. ಪರದೆಯ ಸಂದಿನಲ್ಲಿ ಅವ್ವನ ಎರಡೂ ತುಟಿ ಒಳಗೆ ಹೋಗಿ ಒತ್ತಿಕೊಂಡವು. ಬೇಡ. ನನಗೆ ಎದೆಯಲ್ಲಿ ಧೈರ್ಯ ಬಂತು.

ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದರು. “ಯಾಕ ತಂಗಿ, ಬಾಯಾಗ ಏನ ಅನ್ನಾಕತ್ತಿ? ಮಂತ್ರಾ ಏನ?”

ಏನೂ ಇಲ್ಲರೀ ಎಂದು ಮುಗಿಸಬಹುದಿತ್ತು. ನಾನು ಮುಗಿಸಲಿಲ್ಲ.

“ನಮ್ಮವ್ವನ ಜೋಡಿ ಮಾತಾಡಾಕತ್ತೇನ್ರಿ. ಆಕಿ ಸಾವಳಗಿಗೆ ಹೋಗಿಲ್ರಿ, ಅಲ್ಲೇ ಪರದೆ ಹಿಂದ ಅದಾಳ. ಕಿವಿ ಕೇಳಸಂಗಿಲ್ಲ, ಬಾಯಿ ನೋಡಿ ತಿಳಕೋತಾಳ.”

“ಲೇ, ಬಾಯಿ ಮುಚ್ಚ!” ದೊಡ್ಡಪ್ಪ ಎದ್ದು ನಿಂತ. ಅಪ್ಪ ಗೋಡೆ ನೋಡುತ್ತಾ ಕೂತ.

ಅಷ್ಟರಲ್ಲಿ ಪರದೆ ಸರಿಯಿತು. ಅವ್ವ ಹೊರಗೆ ಬಂದಳು. ತಲೆಯ ಮೇಲೆ ಸೆರಗು ಇತ್ತು, ಕೈಗೆ ಹಿಟ್ಟು ಮೆತ್ತಿತ್ತು. ನೆಟ್ಟಗೆ ದೊಡ್ಡಪ್ಪನ ಎದುರಿಗೆ ಬಂದು ನಿಂತಳು. ಇಪ್ಪತ್ತು ವರ್ಷ ನೆಲ ನೋಡಿದವಳು ಮುಖ ಎತ್ತಿ ಅವನ ಬಾಯಿಯನ್ನೇ ನೋಡಿದಳು. ಅವ್ವನ ದನಿ ಯಾವಾಗಲೂ ಶೆಡ್ಡಿನ ದನಿ. ಮಗ್ಗ ನಿಂತ ಮನೆಯಲ್ಲಿ ಅದು ಓಣಿಗೆಲ್ಲ ಕೇಳಿಸಿತು.

“ಭಾವಾರ, ನನ್ನ ಮಗಳ ಕಾಲೇಜಿನ ಮಾತ ಆಡಿದ್ರಂತ. ನನ್ನ ಮುಂದ ಇನ್ನೊಮ್ಮೆ ಆಡ್ರಿ.”

ದೊಡ್ಡಪ್ಪ ಬಾಯಿ ತೆರೆದ. ಆ ಕಣ್ಣು ಅವನ ತುಟಿಯಿಂದ ಸರಿಯಲೇ ಇಲ್ಲ. ಕೊನೆಗೆ ಅವನೇ ಮುಖ ಕೆಳಗೆ ಹಾಕಿದ.

“ಕೆಳಗ ನೋಡಿದ್ರ ನನಗ ಕೇಳಸಂಗಿಲ್ರಿ” ಅಂದಳು ಅವ್ವ.

ಹುಡುಗನ ತಂದೆ ಅರ್ಧ ಚಹಾ ಬಿಟ್ಟು ಎದ್ದರು. ಹೆಂಗಸರು ಗಂಡಸರ ಮುಖ ನೋಡಿ ಮಾತಾಡುವ ಮನೆ ತಮಗೆ ಬೇಡವೆಂದರು. ಹುಡುಗನ ತಾಯಿ ಮಾತ್ರ ಹೊಸ್ತಿಲಲ್ಲಿ ನಿಂತು ಅವ್ವನ ಕಡೆ ತಿರುಗಿ ನಿಧಾನವಾಗಿ, ತುಟಿ ಬಿಡಿಸಿ ಅಂದರು, “ನಮ್ಮ ಊರ ಮುಳಗುವಾಗ ಹೆಣಮಕ್ಕಳನ್ನ ಯಾರೂ ಒಂದ ಮಾತ ಕೇಳಲಿಲ್ಲ ಬಿಡ್ರಿ. ನೀವು ಛಲೋ ಮಾಡಿದ್ರಿ.” ಅವ್ವ ತಲೆಯಾಡಿಸಿದಳು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ” ಎಂದು ದೊಡ್ಡಪ್ಪ ಓಣಿಯಲ್ಲಿ ಹೇಳಿಕೊಂಡು ತಿರುಗಿದ. ನಮ್ಮಿಬ್ಬರ ಜೊತೆ ಮಾತು ಬಿಟ್ಟ. ನಾನು ಬಿ.ಎ. ಮುಗಿಸಿದೆ. ಅವ್ವ ಆವತ್ತು ಎತ್ತಿದ ಮುಖವನ್ನು ಮತ್ತೆ ಇಳಿಸಲಿಲ್ಲ. ಸೆರಗು ತಲೆಯ ಮೇಲೆ ಇರುತ್ತಿತ್ತು, ಕಣ್ಣು ಮಾತ್ರ ಎದುರಿಗೆ.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ದೊಡ್ಡಪ್ಪನಿಗೆ ಹೊತ್ತುಹೊತ್ತಿಗೆ ಚಹಾ ಮಾಡಿಕೊಡುವ ದೊಡ್ಡವ್ವ ಚಿಮ್ಮಡಕ್ಕೆ ಮಗಳ ಮನೆಗೆ ಹೋಗಿದ್ದಳು. ಅವ್ವ ಕಂಡಿಕಿ ಸುತ್ತುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ದೊಡ್ಡಪ್ಪ ಬಂದು ಅತ್ತಿತ್ತ ನೋಡಿದ, ಕೆಮ್ಮಿದ, ಕೊನೆಗೆ ಅವ್ವನ ಎದುರಿಗೇ ಬಂದು ನಿಂತ. ದನಿ ಇಲ್ಲದೆ ತುಟಿ ಆಡಿಸಿದ. ಶೂಪೀ ಅನ್ನಲು ಹೊರಟಿದ್ದ. ಅಷ್ಟು ದಿನ ಕದ್ದು ನೋಡಿ ಕಲಿತಿದ್ದನೋ ಏನೋ. ಆದರೆ ಶ ಸರಿಯಾಗಿ ಮುಂದೆ ಬರಲಿಲ್ಲ, ಕೊನೆಯ ಈ ಅಗಲವಾಗಲಿಲ್ಲ.

ಅವ್ವ ಏಳಲಿಲ್ಲ. ಮುಖ ಎತ್ತಿ ಅವನ ಬಾಯಿಯನ್ನು ನೋಡಿದಳು.

“ಹಂಗಲ್ರಿ ಭಾವಾರ. ತುಟಿ ಮುಂದ ತರ್ರಿ, ಆಮ್ಯಾಲ ಅಗಲ ಮಾಡ್ರಿ. ಹಾಂ, ಇನ್ನೊಮ್ಮೆ ಅನ್ರಿ.”

ದೊಡ್ಡಪ್ಪ ಇನ್ನೊಮ್ಮೆ ಅಂದ.