ಸರೂ ಗಿಡದ ತುದಿ

ನನ್ನ ಸವತಿ ಅಂದರೆ ಒಂದು ಸರೂ ಗಿಡ. ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಕುಂಡದಲ್ಲಿ ಕೂತು ಹುಮನಾಬಾದಿಗೆ ಬಂದಳು. ನಮ್ಮ ಮನೆಯವರು ಅಲ್ಲಿ ಒಬ್ಬ ಜಾಗೀರದಾರ ಸಾಹೇಬರ ಬಂಗಲೆಯಲ್ಲಿ ಮಾಲಿ. ಗಿಡ ಕಂಬದಂತೆ ನೆಟ್ಟಗೆ ಮಾಳಿಗೆ ಮೀರಿ ಏರಬೇಕು, ಕೆಟ್ಟರೆ ಮಾಲಿಗೆ ಕೆಲಸವೂ ಇಲ್ಲ, ಹಿತ್ತಲ ಕೋಣೆಯೂ ಇಲ್ಲ ಎಂದು ಸಾಹೇಬರು ಮೊದಲೇ ಹೇಳಿದ್ದರು. ತಂಪು ಸೀಮೆಯ ಗಿಡವನ್ನು ನಮ್ಮ ಬಿಸಿಲಲ್ಲಿ ನಿಲ್ಲಿಸಿದ ಪುಣ್ಯಾತ್ಮರು, ತಾವು ಮಾತ್ರ ನೀರು ಚಿಮುಕಿಸಿದ ಲಾವಂಚದ ಖಸ್ ಪರದೆಯ ಹಿಂದೆ ಮಲಗುತ್ತಿದ್ದರು.

ನಮ್ಮವರು ಅದಕ್ಕೆ ಚಾಪೆಯ ನೆರಳು ಕಟ್ಟಿದರು, ಬುಡಕ್ಕೆ ಒಣಹುಲ್ಲು ಹೊದಿಸಿದರು, ದಿನಾ ಎರಡು ಕೊಡ ನೀರು ಹಾಕಿದರು. ಹೊಸ ಹೆಂಡತಿ ನಾನು ಉಂಡೆನೋ ಬಿಟ್ಟೆನೋ ಕೇಳಿದವರಲ್ಲ. ಎರಡನೇ ಚಳಿಗಾಲಕ್ಕೆ ಸವತಿ ನನ್ನ ಎತ್ತರಕ್ಕೆ ಬಂದಳು.

ನಾನು ಕಲ್ಯಾಣದಲ್ಲಿ ಕಡಲೆ ಬೆಳೆಯುವ ಮನೆಯ ಮಗಳು. ನಮ್ಮಲ್ಲಿ ಕಡಲೆಯ ಕುಡಿ ಚಿವುಟುತ್ತಾರೆ. ಗಿಡ ಕವಲೊಡೆದು ಹಬ್ಬುತ್ತದೆ, ಚಿವುಟಿದ್ದು ಪಲ್ಯಕ್ಕಾಗುತ್ತದೆ. ಒಂದು ದಿನ ಬಂಗಲೆಯ ಹಿಂದಿನ ಹೊಲದಿಂದ ಉಡಿ ತುಂಬ ಕುಡಿ ತರುವಾಗ ಸರೂ ಕಣ್ಣಿಗೆ ಬಿತ್ತು. ಬಡಕಲಿ, ಸ್ವಲ್ಪ ಮೈಕೈ ತುಂಬಿಕೊಳ್ಳಲಿ ಅಂತ ಅದರ ತುದಿಯನ್ನೂ ಚಿವುಟಿ ಉಡಿಗೆ ಹಾಕಿದೆ. ಅರ್ಧ ಕರುಣೆ, ಅರ್ಧ ಹೊಟ್ಟೆಕಿಚ್ಚು. ಈಗ ಸುಳ್ಳು ಹೇಳಿ ಏನು ಸಿಗುತ್ತದೆ?

ರಾತ್ರಿ ಆ ಕುಡಿಗಳ ಪಲ್ಯದೊಂದಿಗೆ ಊಟಕ್ಕೆ ಕೂತಾಗ ಅವರು ಬಾಯಿಂದ ಒಂದು ಹಸಿರು ಎಳೆ ತೆಗೆದು ಮೂಸಿದರು.

"ಎಷ್ಟು ಚೂಟಿದಿ?"

"ತುದಿ ಅಷ್ಟೇರಿ. ಇನ್ನ ಛಲೋ ಹಬ್ತದ."

"ಹುಚ್ಚಿ, ಅದರ ತಲೀನೇ ತಗದಿ. ಇನ್ನ ಅದು ನೆಟ್ಟಗ ಬೆಳ್ಯಾಂಗಿಲ್ಲ."

ಹೊರಗೆ ಹೋಗಿ ಗಿಡ ನೋಡಿ ಬಂದರು. ಕೈ ತೊಳೆದು ಮತ್ತೆ ಕೂತು ಪಲ್ಯವನ್ನೆಲ್ಲ ತಿಂದರು.

ಬೆಳಿಗ್ಗೆ ಗಿಡ ನೋಡಿ ಸಾಹೇಬರು ಸಿಟ್ಟಿನಿಂದ ಕುಣಿದಾಡಿದರು. "ನಾನೇ ಚೂಟೀನ್ರಿ" ಅಂದರು ನಮ್ಮವರು. ಮಧ್ಯಾಹ್ನದೊಳಗೆ ನಾವು ಗಂಟುಮೂಟೆ ಕಟ್ಟಿ ಕಲ್ಯಾಣದ ದಾರಿ ಹಿಡಿದೆವು.

ಅಲ್ಲಿ ನನ್ನ ಅಣ್ಣನ ಹೊಲದಲ್ಲಿ ದುಡಿಯುವ ಗತಿ. ಮೊದಲ ದಿನವೇ ಕಡಲೆ ಹೊಲದಲ್ಲಿ ಅಣ್ಣ ಆಳುಗಳಿಗೆಲ್ಲ ಕೇಳುವಂತೆ ಕೂಗಿದ: "ನಮ್ಮ ಮನೀ ಅಳಿಯಾ ಭಾಳ ಶಾಣ್ಯಾ ಮಾಲಿ ನೋಡ್ರಿ, ಸಾಹೇಬರ ಗಿಡದ ತಲೀನೇ ಹಾರಿಸ್ಯಾನ!"

ಎಲ್ಲರೂ ನಕ್ಕರು. ನಗದಿದ್ದರೆ ಸಿಕ್ಕಿಬೀಳುತ್ತೇನೆಂದು ನಾನೂ ನಕ್ಕೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನನ್ನ ಪಕ್ಕದ ಸಾಲಿನಲ್ಲಿ ಬಗ್ಗಿದ್ದ ಅವರು ಒಂದು ಕಡಲೆ ಕುಡಿಯನ್ನು ಬೆರಳಲ್ಲಿ ಹಿಡಿದು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದರು:

"ಇದನ್ನರೆ ಚೂಟಬಹುದಲ್ಲ?"