ದುರ್ಗಾದೇವಿಯ ಮೂವತ್ತೆರಡು ಟ್ಯೂಬುಗಳು

ಕೊಪ್ಪಳದಲ್ಲಿ ಬೆಳಗಿನ ಆರು ಗಂಟೆ. ರಸ್ತೆಯಂಚಿನ ಚಹಾದಂಗಡಿಯ ಸ್ಟೋವ್ ಈಗಷ್ಟೇ ಹೊತ್ತಿಕೊಂಡಿದೆ. ಎದುರಿನ ಪ್ರಯೋಗಾಲಯದಲ್ಲಿ ದುರ್ಗಾದೇವಿ ಆಗಲೇ ಕೈಗವಸು ತೊಟ್ಟು ಕೂತಿದ್ದಾರೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಿಂದ ಹಿಂದಿನ ಸಂಜೆ ಬಂದ ರಕ್ತದ ಮಾದರಿಗಳು ಐಸ್ ಡಬ್ಬಿಯಿಂದ ಹೊರಬರುತ್ತವೆ. ಪ್ರತಿ ಟ್ಯೂಬಿನ ಸಂಖ್ಯೆಯನ್ನು ಬಾಯಿಬಿಟ್ಟು ಓದುತ್ತಾರೆ, ಪಟ್ಟಿಯ ಮೇಲೆ ಬೆರಳಿಟ್ಟು ನೋಡುತ್ತಾರೆ, ಮತ್ತೊಮ್ಮೆ ಓದುತ್ತಾರೆ. ಯಂತ್ರದ ಬಾಗಿಲು ತೆರೆಯುವುದು ಆಮೇಲೆಯೇ.

ಸಣ್ಣ ಫ್ರಿಜ್ಜಿನಷ್ಟಿರುವ ಈ ಯಂತ್ರ ರಕ್ತದಲ್ಲಿ ಅಡಗಿದ ವೈರಾಣುವಿನ ಆರ್‌ಎನ್‌ಎ ಬೇರ್ಪಡಿಸಿ, ಶುದ್ಧ ಮಾಡಿ ಕೊಡುತ್ತದೆ. ಜ್ವರ ಡೆಂಗಿಯದೋ ಅಲ್ಲವೋ ಎಂಬುದು ಅದರ ಮುಂದಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. "ಕಬ್ಬಿಣದ ಪುಡಿ ಇದ್ದಂಗ ಸಣ್ಣ ಕಾಳು ಇರತಾವ್ರಿ. ಆರ್‌ಎನ್‌ಎ ಅವಕ್ಕ ಅಂಟ್ಕೊಳ್ತೈತಿ. ಅಯಸ್ಕಾಂತ ಅವನ್ನ ಎತ್ತಿ ಎತ್ತಿ ತೊಳೀತೈತಿ. ನಮ್ಮವ್ವ ಅಕ್ಕಿ ತೊಳದಂಗನ ನೋಡ್ರಿ" ಎಂದು ನಗುತ್ತಾರೆ.

ಒಂದು ಸಲಕ್ಕೆ ಮೂವತ್ತೆರಡು ಮಾದರಿ, ನಲವತ್ತು ನಿಮಿಷ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ. ಕೊರೊನಾದ ಮೊದಲ ತಿಂಗಳುಗಳಲ್ಲಿ ಯಂತ್ರವಿರಲಿಲ್ಲ, ಎಲ್ಲವೂ ಕೈಯಲ್ಲೇ, ಹನಿ ಎಳೆಯುವ ಪಿಪೆಟ್ಟಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ. "ಸಂಜೀಕ ರೊಟ್ಟಿ ಮುರಿಯಾಕ ಹೆಬ್ಬಟ್ಟು ಬಗ್ಗತಿದ್ದಿಲ್ರಿ."

ಅವರ ಊರು ಸಿದ್ದಾಪುರ. ತಾಯಿ ಮಾರೆವ್ವ ಕಂಡವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿ ಮಗಳನ್ನು ಡಿಪ್ಲೊಮಾ ಓದಿಸಿದರು. ಒಂಬತ್ತು ವರ್ಷದಿಂದ ದುರ್ಗಾದೇವಿಯದು ಗುತ್ತಿಗೆ ನೌಕರಿ. ಮಾರ್ಚ್ ಬಂತೆಂದರೆ ಮುಂದುವರಿಸುತ್ತಾರೋ ಇಲ್ಲವೋ ಎಂಬ ತಳಮಳ.

ಆ ತಳಮಳದ ನಡುವೆಯೂ 2023ರ ಆಗಸ್ಟಿನ ಒಂದು ಬೆಳಿಗ್ಗೆ ಅವರು ತಮ್ಮ ತಪ್ಪನ್ನು ತಾವೇ ಹೇಳಿಕೊಂಡರು. ಯಂತ್ರಕ್ಕೆ ತಲಾ ಹದಿನಾರು ಮಾದರಿಗಳ ಎರಡು ತಟ್ಟೆ ಇಡಬೇಕು. ಅವಸರದಲ್ಲಿ ತಟ್ಟೆಗಳ ಮೇಲೆ ಗುರುತು ಬರೆದಿರಲಿಲ್ಲ. ಹೊರತೆಗೆದು ಮೇಜಿನ ಮೇಲಿಟ್ಟಾಗ ಯಾವುದು ಮೊದಲನೆಯದು, ಯಾವುದು ಎರಡನೆಯದು? ಅಂದಾಜಿನ ಮೇಲೆ ಮುಂದುವರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೇರವಾಗಿ ಮುಖ್ಯ ವೈದ್ಯ ಸುಭಾಷ್ ಅವರ ಕೋಣೆಗೆ ಹೋದರು.

"ಸರ, ಗುರುತು ಹಾಕೋದು ಮರತೀನ್ರಿ. ಈ ಮೂವತ್ತೆರಡೂ ಮತ್ತ ಮೊದಲಿಂದ ಮಾಡ್ತೀನ್ರಿ."

ಮೂವತ್ತು ಮಂದಿಯ ರಕ್ತ ಇನ್ನೂ ಉಳಿದಿತ್ತು. ಇಬ್ಬರದು ಸಾಲದು, ಮತ್ತೆ ತರಬೇಕು. ಒಬ್ಬರು ಆಸ್ಪತ್ರೆಯಲ್ಲೇ ಸಿಕ್ಕರು. ಇನ್ನೊಬ್ಬಳು ಅಳವಂಡಿಯ ಬಾಣಂತಿ ಹಸೀನಾಬೇಗಂ. ಆಸ್ಪತ್ರೆಯ ನರ್ಸ್ ಜೊತೆ ದುರ್ಗಾದೇವಿ ತಾವೇ ಹೊರಟರು.

ಹಸೀನಾಳ ಅತ್ತೆ ಸರ್ದಾರಬೀ ಬಾಗಿಲಿಗೆ ಅಡ್ಡ ನಿಂತರು. "ಮೈಯಾಗ ರಕ್ತಾನ ಇಲ್ಲ, ಮತ್ತ ಚುಚ್ಚಾಕ ಬಂದೀರಿ? ನಿಮ್ಮ ಮಷಿನ್ ಕೆಟ್ಟೈತೇನು?"

"ಮಷಿನ್ ಛಲೋ ಐತ್ರಿ ಅಮ್ಮಾ. ತಪ್ಪು ನಂದು. ನಾನ ಗುರುತು ಹಾಕಿದ್ದಿಲ್ಲ" ಎಂದರು ದುರ್ಗಾದೇವಿ.

ಮುದುಕಿ ಅವರನ್ನೇ ದಿಟ್ಟಿಸಿ ನೋಡಿದರು. "ತಪ್ಪು ಮಷಿನ್ ಮ್ಯಾಲೆ ಹಾಕಿದ್ದರ ನಾವೇನು ನೋಡಾಕ ಬರ್ತಿದ್ವೇನವಾ? ಬಾ, ಒಳಗ ಬಾ."

ಮಧ್ಯಾಹ್ನ ಹಸೀನಾಳ ವರದಿ ಬಂತು. ಡೆಂಗಿ. ಅಂದೇ ಸಂಜೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಒಂಬತ್ತನೆಯ ದಿನ ಕೂಸನ್ನೆತ್ತಿಕೊಂಡು ಮನೆಗೆ ನಡೆದಳು. ತಟ್ಟೆಗಳು ಅದಲುಬದಲಾಗಿದ್ದರೆ ಅವಳ ಫಲಿತಾಂಶ ಇನ್ನೊಂದು ತಟ್ಟೆಯ ಅದೇ ಜಾಗದಲ್ಲಿದ್ದ, ಡೆಂಗಿ ಇಲ್ಲದ ಕುಷ್ಟಗಿಯ ಒಬ್ಬನಿಗೆ ಹೋಗುತ್ತಿತ್ತು. ಅವಳಿಗೆ 'ಏನೂ ಇಲ್ಲ' ಎಂಬ ಚೀಟಿ ಸಿಗುತ್ತಿತ್ತು. ಅದನ್ನು ನೆನೆದು ದುರ್ಗಾದೇವಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಸುಭಾಷ್ ಬೈಯಲಿಲ್ಲ. ಮಾರ್ಚ್‌ನಲ್ಲಿ ಗುತ್ತಿಗೆ ಮುಂದುವರಿಸಬೇಕಾದವರ ಪಟ್ಟಿಯಲ್ಲಿ ದುರ್ಗಾದೇವಿಯ ಹೆಸರನ್ನೇ ಮೊದಲಿಗೆ ಬರೆದು ಕಳಿಸಿದರು. ಹೊಸಬರಿಗೆ ಯಂತ್ರ ಕಲಿಸುವ ಕೆಲಸವೂ ಈಗ ಅವರದೇ.

ಇಷ್ಟೆಲ್ಲ ಮಾಡಿಯೂ ವರದಿಯಲ್ಲಿ ತಮ್ಮ ಹೆಸರಿಲ್ಲ ಎಂಬ ಬೇಸರವಿಲ್ಲವೇ ಎಂದು ಕೇಳಿದರೆ, ದುರ್ಗಾದೇವಿ ಕೈಗವಸು ಕಳಚುತ್ತಾ ತಲೆಯಾಡಿಸುತ್ತಾರೆ.

"ನಂದ್ಯಾಕ್ರಿ ಅಲ್ಲಿ? ಯಾರ ಜಡ್ಡೋ ಅವರ ಹೆಸರ ಮುಂದನ ಬಂದೈತಲ್ರಿ, ಅದು ನನ್ನ ಕೆಲಸ."